ಕಿಟಕಿಗೂ ದೊಡ್ಡಿಗೂ ಇಪ್ಪತ್ತೊಂದು ಮೀಟರ್

ನಲವತ್ತು ವರ್ಷ ಹೊಲಿಗೆ ಯಂತ್ರ ತುಳಿದ ನಮ್ಮ ದೊಡ್ಡಮ್ಮನ ಪ್ರಕಾರ ಲೋಕದಲ್ಲಿರುವುದು ಎರಡೇ ಬಗೆಯ ಜನ: ಅಳತೆ ತೆಗೆದು ಮಾತಾಡುವವರು, ಬಾಯಿಗೆ ಬಂದದ್ದನ್ನು ಮಾತಾಡುವವರು. ತನ್ನ ತಮ್ಮ, ಅಂದರೆ ನಮ್ಮ ಸೋದರಮಾವ, ಎರಡನೆಯ ಬಗೆಯವನೆಂಬುದರಲ್ಲಿ ಆಕೆಗೆ ಎಂದೂ ಅನುಮಾನವಿರಲಿಲ್ಲ.

ಮಂಡಿ ಸವೆದು ಹೊಲಿಗೆ ಬಿಟ್ಟ ಮೇಲೆ ಅವಳು ಮನೆಯ ಹಿಂದೆ ಮೇಕೆ ಸಾಕಿದಳು. ಈ ಸಲ ಹುಟ್ಟಿದ ಐದು ಮರಿಗಳಲ್ಲಿ ಎರಡನ್ನು ಹದಿನೈದು ದಿನದೊಳಗೆ ನರಿ ಹೊತ್ತೊಯ್ದಿತ್ತು. ಮಾವ ಬಂದು, ಕೈ ಹಿಂದೆ ಕಟ್ಟಿಕೊಂಡು ದೊಡ್ಡಿಯ ತಂತಿಬೇಲಿಯನ್ನು ಒಳಗಿನಿಂದಲೇ ಒಂದು ಸುತ್ತು ಹಾಕಿ, ಬೇಲಿ ಗಟ್ಟಿಯಾಗಿದೆ, ಉಳಿದದ್ದು ಬಾಗಿಲೊಂದೇ ಎಂದು ತೀರ್ಪು ಕೊಟ್ಟ.

"ಅಕ್ಕ, ವಯಸ್ಸಾಯ್ತು ನಿಂಗೆ. ಚಿಲಕ ಹಾಕೋದು ಮರ್ತಿದ್ದೀಯ, ಅಷ್ಟೆ. ಇನ್ನೊಂದು ಮರಿ ಹೋದ್ರೆ ಎಲ್ಲಾನೂ ನಮ್ಮನೆಗೆ ಹೊಡ್ಕೊಂಡು ಹೋಗ್ತೀನಿ."

ಮೇಕೆಗಳು ಹೋಗುವ ಸಂಕಟ ಒಂದೆಡೆಯಿರಲಿ, ತನ್ನ ನೆನಪಿನ ಮೇಲೆಯೇ ಮನೆಮಂದಿ ಕಾವಲು ಕೂತದ್ದು ಅವಳನ್ನು ಕುದಿಸುತ್ತಿತ್ತು. ದೊಡ್ಡಪ್ಪ ದಿನವೂ ಹಾಸಿಗೆಯಿಂದಲೇ ಚಿಲಕ ಹಾಕಿದೆಯಾ ಎಂದು ಕೇಳುತ್ತಿದ್ದ. ಹಾಕಿದೆ ಎಂದರೆ ಮಗ್ಗುಲು ಬದಲಿಸಿ, "ಹಾಕಿದ್ದು ನೆನಪಿದ್ಯಾ?" ಎನ್ನುತ್ತಿದ್ದ.

ನೆನಪಿತ್ತು. ಆದರೆ ನೆನಪಿಗೆ ಸಾಕ್ಷಿಯಿರಲಿಲ್ಲ. ಮೊದಲ ಮರಿ ಹೋದ ಮೇಲೆ ದೊಡ್ಡಿಗೆ ಹಾಕಿಸಿದ ದೀಪ ಉರಿದಷ್ಟು ದಿನ ನರಿ ಸುಳಿಯಲಿಲ್ಲ. ಕರೆಂಟು ಕೈಕೊಟ್ಟ ರಾತ್ರಿಯೇ ಎರಡನೆಯ ಮರಿ ಹೋಯಿತು. ಹಾಗಾಗಿ ಅದು ಎಲ್ಲಿಂದ ನುಗ್ಗುತ್ತದೆಂದು ಕತ್ತಲಲ್ಲೇ ನೋಡಬೇಕು. ಮೆಟ್ಟಿಲಿಳಿದು ಹೊರಗೆ ಕೂರಲು ಮಂಡಿ ಒಪ್ಪುವುದಿಲ್ಲ. ಮಲಗುವ ಕೋಣೆಯ ಕಿಟಕಿಯಿಂದಲೇ ಕತ್ತಲೊಳಗೆ ನೋಡುವ ಸಾಧನವೊಂದನ್ನು ಕೊಳ್ಳುವುದೆಂದು ಅವಳು ನಿರ್ಧರಿಸಿದಳು. ಟೇಪು ಹಿಡಿದು ಕಿಟಕಿಯಿಂದ ದೊಡ್ಡಿಗೆ ಇಪ್ಪತ್ತೊಂದು ಮೀಟರ್, ದೊಡ್ಡಿಯ ಅಗಲ ಒಂಬತ್ತು ಎಂದು ಚೀಟಿಯಲ್ಲಿ ಬರೆದುಕೊಂಡಳು.

ದುರ್ಬೀನಿನ ಅಂಗಡಿಗೆ, ಯಾರೂ ಕರೆಯದಿದ್ದರೂ, ಮಾವನೂ ಹೊರಟ. ಅಂಗಡಿಯವನು ಎರಡು ಬಗೆ ತೋರಿಸಿದ. ಒಂದು, ಕಣ್ಣಿಗೆ ಕಾಣದ ಬೆಳಕು ಬೀರಿ ಕತ್ತಲನ್ನು ತಿಳಿಯಾಗಿಸುವ ನೈಟ್ ವಿಷನ್. ಇನ್ನೊಂದು, ಮೈಯ ಬಿಸಿಯನ್ನೇ ಬೆಳ್ಳಗೆ ತೋರಿಸುವ ಥರ್ಮಲ್. ನರಿ ಪೊದೆಯ ಮರೆಯಲ್ಲಿ ಕೂತರೂ ಅದರ ಬಿಸಿ ಸುಳ್ಳು ಹೇಳುವುದಿಲ್ಲವೆಂದು ದೊಡ್ಡಮ್ಮ ಥರ್ಮಲ್ ಕಡೆ ವಾಲಿದಳು. ಮಾವನಿಗೆ ಬಗೆಯ ಚಿಂತೆಯಿರಲಿಲ್ಲ. ಒಂದು ಕಿಲೋಮೀಟರ್ ಆಚೆಯದು ಕಾಣಬೇಕು, ಕಡಿಮೆಯದನ್ನು ತಂದರೆ ಮರ್ಯಾದೆಯಲ್ಲ ಎಂಬುದು ಅವನ ಹಟ.

"ಒಂದು ಕಿಲೋಮೀಟರ್ ಆಚೆ ಇರೋದು ಬೇರೆಯವರ ಮೇಕೆ ಕಣೋ," ಎಂದಳು ದೊಡ್ಡಮ್ಮ.

ಆದರೂ ಅವನ ಸಮಾಧಾನಕ್ಕೆಂದು ಕಿಲೋಮೀಟರ್ ದೂರ ತೋರಿಸುವ ದೊಡ್ಡ ನಳಿಗೆಯನ್ನು ಎತ್ತಿ ಎದುರಿನ ದೀಪದ ಕಂಬದತ್ತ ಹಿಡಿದಳು. ಕಂಬ ಕಾಣಲಿಲ್ಲ, ಒಂದು ಬೋಲ್ಟ್ ಕಂಡಿತು. ಇದರಲ್ಲಿ ನೋಡಿದರೆ ನರಿಯ ಮೀಸೆ ಎಣಿಸಬಹುದು, ನರಿ ಎಲ್ಲಿ ಹೋಯಿತೆಂದು ತಿಳಿಯುವುದಿಲ್ಲ ಎಂದು ಕೆಳಗಿಟ್ಟಳು. ಚೀಟಿ ನೋಡಿದ ಅಂಗಡಿಯವನು, ದೂರ ಅಳೆದುಕೊಂಡು ಬಂದ ಮೊದಲ ಗಿರಾಕಿ ನೀವೇ ಎಂದು ಮೆಚ್ಚಿ, ದೂರ ಕಡಿಮೆಯಾದರೂ ಇಡೀ ದೊಡ್ಡಿ ಒಂದೇ ನೋಟಕ್ಕೆ ಸಿಗುವ ಚಿಕ್ಕ ಥರ್ಮಲ್ ಕೊಟ್ಟ. ಅಂಗಡಿಯ ಬಾಗಿಲಲ್ಲಿ ನಿಂತು ನೋಡಿದರೆ ಹಾಡಹಗಲಲ್ಲೇ, ವ್ಯಾನಿನ ಅಡಿಯ ನೆರಳಲ್ಲಿ ಮಲಗಿದ್ದ ಬೆಕ್ಕು ಬೆಣ್ಣೆಮುದ್ದೆಯಂತೆ ಹೊಳೆಯಿತು. ದಾರಿಯುದ್ದಕ್ಕೂ ಮಾವ ಮಾತಾಡಲಿಲ್ಲ. ಅದೊಂದೇ ಆ ದಿನದ ಲಾಭವೆಂದು ಆಕೆ ಆಮೇಲೆ ಹೇಳುತ್ತಿದ್ದಳು.

ಏಕೆಂದರೆ ಅಂದು ದೀಪ ಆರಿಸಿ ಕಿಟಕಿಯಿಂದ ನೋಡಿದಾಗ ದೊಡ್ಡಿಯೂ ಇಲ್ಲ, ಮೇಕೆಯೂ ಇಲ್ಲ. ಬೂದುಬಣ್ಣದ ಹಲಗೆಯಂಥ ಶೂನ್ಯ. ಅದರ ನಡುವೆ ಮಸುಕಾದ ದುಂಡು ಕಲೆ. ಅವಳು ತಲೆಯಾಡಿಸಿದರೆ ಕಲೆಯೂ ಆಡಿತು. ಅದು ಅವಳದೇ ಮುಖದ ಬಿಸಿ.

"ಮುಚ್ಚಳ ತೆಗೆದಿದ್ಯಾ?" ಹಾಸಿಗೆಯಿಂದ ದೊಡ್ಡಪ್ಪ ಕೇಳಿದ.

ಬೆಳಿಗ್ಗೆ ಅಂಗಡಿಯವನು ಫೋನಿನಲ್ಲಿ ಅಷ್ಟೇ ತಣ್ಣಗೆ, ಗಾಜು ಬೆಳಕನ್ನು ಬಿಡುತ್ತದೆ, ಈ ಬಿಸಿಯನ್ನು ಬಿಡುವುದಿಲ್ಲ, ಕನ್ನಡಿಯಂತೆ ಹಿಂದಕ್ಕೆ ತೋರಿಸುತ್ತದೆ, ಕಿಟಕಿ ತೆರೆದು ನೋಡಿ ಎಂದ. ತೆರೆಯುವುದೆಲ್ಲಿ? ಆರು ವರ್ಷದ ಹಿಂದೆ ಚಳಿಗಾಳಿಯ ಮೇಲಿನ ಸಿಟ್ಟಿಗೆ ದೊಡ್ಡಪ್ಪ ಆ ಕಿಟಕಿಗೆ ಮೊಳೆ ಹೊಡೆದು, ಸಂದುಸಂದಿಗೂ ಪುಟ್ಟಿ ಮೆತ್ತಿದ್ದ. ಜೀವನದಲ್ಲಿ ತಾನು ಪೂರ್ತಿ ಮಾಡಿದ ಕೆಲಸ ಅದೊಂದೇ ಎಂಬ ಅಭಿಮಾನ ಅವನಿಗೆ; ಕೈ ಹಚ್ಚಗೊಡಲಿಲ್ಲ. ಎಲ್ಲವನ್ನೂ ಅಳೆದು ಮೂಗಿನೆದುರಿನ ಗಾಜನ್ನು ಲೆಕ್ಕಕ್ಕೆ ಹಿಡಿಯದ ತನ್ನ ಮೇಲೂ ದೊಡ್ಡಮ್ಮನಿಗೆ ಕೋಪ ಬಂತು. ಮಧ್ಯಾಹ್ನದ ಹೊತ್ತಿಗೆ ಸುದ್ದಿ ಮಾವನಿಗೆ ಮುಟ್ಟಿತ್ತು. ಮೊದಲು ಚಿಲಕ, ಈಗ ಗಾಜು ಎಂದನಂತೆ. ಇನ್ನೊಂದು ಮರಿ ಹೋಗುವ ತನಕ ಕಾಯದೆ, ಮೇಕೆಗಳನ್ನು ಒಯ್ಯಲು ಭಾನುವಾರವೇ ಗಾಡಿ ತರುವೆನೆಂದೂ ಹೇಳಿಕಳಿಸಿದ.

ದೊಡ್ಡಪ್ಪ ಕ್ಷೌರಕ್ಕೆ ಹೋದ ಸಮಯ ನೋಡಿ ಅವಳು ಅವನದೇ ಉಳಿಯಿಂದ ಪುಟ್ಟಿ ಕೆತ್ತಿ ಒಂದು ಗಾಜನ್ನು ಬಿಡಿಸಿದಳು. ಅಳತೆ ತೆಗೆದು, ಮಂಡಿಯನ್ನು ಬೈಯುತ್ತಲೇ ಯಂತ್ರ ತುಳಿದು, ಎರಡು ಮಡಿಕೆ ಜೀನ್ಸ್ ಬಟ್ಟೆಯ ಪರದೆ ಹೊಲಿದಳು. ನಡುವೆ ಎಲಾಸ್ಟಿಕ್ ಕೊಟ್ಟ ಗಿಡ್ಡ ತೋಳು. ನಳಿಗೆ ಅದರೊಳಗೆ ಬಿಗಿಯಾಗಿ ಕೂತಿತು. ದೊಡ್ಡಪ್ಪ ಬಂದು ಗಾಳಿಗೆ ಕೈಯೊಡ್ಡಿ ನೋಡಿದ. ಬೈಯಲು ಸಾಲುವಷ್ಟು ಗಾಳಿ ಬರುತ್ತಿರಲಿಲ್ಲ.

ಶನಿವಾರ ರಾತ್ರಿ ಬೇಕೆಂದೇ ದೊಡ್ಡಿಯ ದೀಪ ಆರಿಸಿ, ಅದರ ಸ್ವಿಚ್ಚಿನ ಮೇಲೆ ಒಂದು ಕೈಯಿಟ್ಟು ಅವಳು ಕೂತಳು. ಮೇಕೆಗಳು ಬೆಳ್ಳಗೆ ಗುಡ್ಡೆಗಳಾಗಿ ಕಂಡವು. ಬಹಳ ಹೊತ್ತಿನ ಮೇಲೆ ಬೇಲಿಯ ಹೊರಗೆ ತಗ್ಗಾಗಿ, ಉದ್ದವಾಗಿ ಒಂದು ಬಿಳುಪು ಹರಿದು ಬಂತು. ಬಾಗಿಲ ಕಡೆ ತಿರುಗಿಯೂ ನೋಡಲಿಲ್ಲ. ಎಂಟು ತಿಂಗಳ ಹಿಂದೆ ಮಾವ ಎರಡು ದಿನದ ಮಟ್ಟಿಗೆಂದು ಬೇಲಿಗೆ ಒಳಗಿನಿಂದ ಒರಗಿಸಿ ಹೋಗಿದ್ದ ಹಳೆಯ ಹಲಗೆಗಳ ಹಿಂದೆ ಅದು ಮರೆಯಾಯಿತು. ಒಳಗೆ, ಮರಿಗಳ ಪಕ್ಕದಲ್ಲಿ ಎದ್ದಿತು. ಅಂಗಡಿಯವನು ಕಲಿಸಿದ್ದಂತೆ ಮೊದಲೇ ಒತ್ತಿದ್ದ ರೆಕಾರ್ಡ್ ಗುಂಡಿ ತನ್ನ ಕೆಲಸ ಮಾಡುತ್ತಿತ್ತು. ಅವಳು ಸ್ವಿಚ್ಚು ಒತ್ತಿದಳು. ನರಿ ಬಂದ ದಾರಿಯಲ್ಲೇ ಓಡಿತು.

ಗಾಡಿ ತಂದ ಮಾವ ಆ ಚಿತ್ರವನ್ನು ಎರಡು ಸಲ ನೋಡಿ, ಬೆಕ್ಕಿರಬಹುದು ಎಂದ. ದೊಡ್ಡಮ್ಮ ವಾದಿಸದೆ ಅವನನ್ನು ದೊಡ್ಡಿಯೊಳಕ್ಕೆ ಕರೆದೊಯ್ದಳು. ಹಲಗೆಗಳನ್ನು ಒಂದೊಂದಾಗಿ ಅವನೇ ಎಳೆದ. ಹಿಂದೆ ತಂತಿ ತುಕ್ಕು ಹಿಡಿದು ಹರಿದು ಮೇಲಕ್ಕೆ ಬಾಗಿತ್ತು. ಅದರ ತುದಿಗೆ ಕಂದು ಕೂದಲು ಸಿಕ್ಕಿಕೊಂಡಿತ್ತು. ಅವನು ಅದನ್ನು ಬೆರಳಿನಿಂದ ಬಿಡಿಸಿ ನೋಡಿದ. ಈಗಿನ ತಂತಿಯೇ ಸರಿಯಿಲ್ಲವೆಂದು ಗೊಣಗಿ, ಒಂದಷ್ಟು ಹಲಗೆಗಳನ್ನು ಹೆಗಲಿಗೇರಿಸಿಕೊಂಡು ಗಾಡಿಯ ಕಡೆ ನಡೆದ.

ಅವನ ಹಿಂದೆ ಬಾಗಿಲು ಹಾರುಹೊಡೆದಿತ್ತು. ಮೂರು ಮರಿಗಳೂ ಆಗಲೇ ಅತ್ತ ಮುಖ ಮಾಡಿದ್ದವು.

"ಚಿಲಕ," ಎಂದಳು ದೊಡ್ಡಮ್ಮ.

ಮಾವ ಹಲಗೆ ಇಳಿಸಿ ಹಿಂದಿರುಗಿ ಬಂದ.