ಇರುವೆ ಹೊರಡುವ ತನಕ

ಕೊಂಡ ವಸ್ತುವನ್ನು ಕೊಂಡವರೇ ಬಿಚ್ಚಬಾರದೆನ್ನುವುದು ಅನ್ಯಾಯ. "ಒಳಗ ಬ್ಯಾರೆ ಚಿಪ್ ಕುಂದ್ರಿಸೀರಿ, ನಾವು ಮುಟ್ಟಂಗಿಲ್ರಿ" ಎಂದು ಇವತ್ತು ಮೂರನೇ ಅಂಗಡಿಯವರೂ ನನ್ನ ಹಳೆಯ ಗೇಮ್ ಕನ್ಸೋಲನ್ನು ಹಿಂದಿರುಗಿಸಿದರು. ದಣಿದು ಮನೆಗೆ ಬಂದು ನಾನೇ ಸೋಲ್ಡರಿಂಗ್ ಐರನ್ ಕಾಯಿಸಿದೆ. ತುದಿಗಂಟಿದ ಬೆಸುಗೆ ರಾಳದ ಹೊಗೆಗೆ ಗಡಹಿಂಗ್ಲಜದ ಮಾವ ನೆನಪಾದರು.

ಹೊರದೇಶದ ಗೇಮ್ ಡಿಸ್ಕ್‌ಗಳೂ ಓಡಲೆಂದು ಆ ಚಿಪ್ ಕೂರಿಸಿದವರು ರೇಡಿಯೋ ರಿಪೇರಿಯ ಮಾವನೇ. ಕಂಪನಿಯ ಸೀಲ್ ಹರಿಯಲು ಅವರು ಹೆದರಲಿಲ್ಲ. ಒಳಗೆ ಇರುವೆಗಳನ್ನು ಕಂಡು ಮಾತ್ರ ಕೈ ಹಿಂದೆಗೆದರು. ನಮ್ಮದು ಜೈನರ ಮನೆ. ಅವು ತಾವಾಗಿ ಹೊರಬರಲೆಂದು ಪಕ್ಕದಲ್ಲಿ ಬೆಲ್ಲವಿಟ್ಟು ಕೂತರು.

"ಮಾಮಾ, ಊದಿಬಿಡ್ರಿ!"

"ಬಾಳಾ, ಅವಕ್ಕ ಸಂಸಾರ ಐತಿ, ನಿನಗ ಬರೇ ಆಟ."

ಎರಡು ದಿನ ಕಾದೆವು.

ಈಗ ಮುಚ್ಚಳ ತೆಗೆದರೆ ಮತ್ತೆ ಇರುವೆ. ಐರನ್ ಆರಿಸಿ ಬೆಲ್ಲ ಇಟ್ಟಿದ್ದೇನೆ. ಇದನ್ನು ಓದುವವರೇ, ಅಂಗಡಿಯವರು ಮುಟ್ಟದ ನಿಮ್ಮ ಕನ್ಸೋಲುಗಳನ್ನೂ ತನ್ನಿ, ಕೂಡಿ ಬಿಚ್ಚೋಣ: ಇಚಲಕರಂಜಿಯ ನಮ್ಮ ಮನೆ, ಭಾನುವಾರ ಬೆಳಿಗ್ಗೆ ಹತ್ತಕ್ಕೆ. ಅಷ್ಟರಲ್ಲಿ ಈ ಇರುವೆಗಳು ಹೊರಟಿರುತ್ತವೆ.