ಕತೆಯ ಕೊನೆ ಹೇಳದ ಟೀಚರ್

ಪ್ರಾಣಿಬಲಿ ಬಿಡಿಸಲು ಹೊರಟಿದ್ದ ಒಂದು ಧಾರ್ಮಿಕ ಸುಧಾರಣಾ ಸಂಘ ಬ್ಯಾಟರಾಯನಪುರದಲ್ಲಿ ಭಾನುವಾರ ಮಕ್ಕಳಿಗೆ ನೀತಿಪಾಠ ನಡೆಸುತ್ತಿತ್ತು. ಅದಕ್ಕೆ ಪ್ರಾಣಿಗಳ ಕತೆ ಬರೆದುಕೊಡುತ್ತಿದ್ದವನು ನಾನು. ಹೇಳುತ್ತಿದ್ದವರು ಒಬ್ಬ ನಿವೃತ್ತ ಪ್ರೈಮರಿ ಟೀಚರ್. ಕುರಿಯ ಮಾತು ಬಂದಾಗ ಅವರು ಸೆರಗನ್ನು ಕುತ್ತಿಗೆಗೆ ಬಿಗಿಯಾಗಿ ಸುತ್ತಿಕೊಳ್ಳುತ್ತಿದ್ದರು. ಸೀರೆ ಹಸಿರೋ ನೀಲಿಯೋ, ನನಗೀಗ ಖಚಿತವಿಲ್ಲ. "ಕೇಳ್ರಪ್ಪಾ, ಅದಕ್ಕೂ ಒಂದ್ ಬಾಯಿದೆ" ಎಂದು ಪ್ರತಿ ಕತೆಗೂ ಹೇಳುತ್ತಿದ್ದುದು ಮಾತ್ರ ಕಿವಿಯಲ್ಲಿದೆ.

ಕತೆಯ ಕೊನೆಗೆ ಪ್ರಾಣಿ ಆಡುವ ಮಾತು ಕೇಳಿ ಕಡಿಯುವವನು ಅತ್ತು ಮಚ್ಚು ಬಿಸಾಡಲೇಬೇಕು, ಅದು ಸಂಘದ ನಿಯಮ. ಒಂದು ಭಾನುವಾರ ಟೀಚರ್ ಅಲ್ಲಿಗೆ ಬರುವಷ್ಟರಲ್ಲಿ ಮುಂದಿನ ಸಾಲಿನ ಹುಡುಗಿ ಎದ್ದಳು.

"ಮಿಸ್, ಹಬ್ಬಕ್ಕೆ ನಿಮ್ಮನೇಲೂ ಮರಿ ಕಡಿದ್ರಂತೆ?"

ಬಾಗಿಲ ಬಳಿ ಸಂಘದ ಕಾರ್ಯದರ್ಶಿ ಕೂತಿದ್ದರು. ಮನೆಯಲ್ಲಿ ಬಲಿ ಕೊಡುವವರಿಗೆ ಅಲ್ಲಿ ಪಾಠ ಹೇಳುವ ಅವಕಾಶವಿರಲಿಲ್ಲ. ಇಲ್ಲ ಎಂದಿದ್ದರೆ ಮುಗಿಯುತ್ತಿತ್ತು.

"ಹೂಂ ಕಣಮ್ಮ. ನಮ್ಮಣ್ಣನೇ ಕಡಿದಿದ್ದು. ನಾನೂ ಉಂಡೆ."

"ಆ ಮರಿ ಏನೂ ಮಾತಾಡ್ಲಿಲ್ವಾ ಮಿಸ್?" ಮಕ್ಕಳೆಲ್ಲ ನಕ್ಕರು.

ಟೀಚರ್ ನಗಲಿಲ್ಲ. "ಇಲ್ಲಮ್ಮ. ಸುಮ್ನೆ ನನ್ನೇ ನೋಡ್ತಿತ್ತು. ಮಾತಾಡಿದ್ರೆ ನಾನು ಬಿಡಿಸ್ತಿದ್ನೋ ಏನೋ, ಗೊತ್ತಿಲ್ಲ."

ಕತೆಯ ಕೊನೆ ಹೇಳದೆ ಕೂತುಬಿಟ್ಟರು. ಮಕ್ಕಳೂ ಕೇಳಲಿಲ್ಲ.

ಮುಂದಿನ ವಾರ ಅವರ ಜಾಗಕ್ಕೆ ಬೇರೆಯವರು ಬಂದರು. ಹಳೆಯ ಟೀಚರನ್ನು ತೆಗೆಯಬೇಡಿ ಎಂದು ಕಾರ್ಯದರ್ಶಿಯ ಜೊತೆ ಜಗಳವಾಡಿದ್ದೆ ಎಂದು ನಾನು ಬಹಳ ದಿನ ನಂಬಿದ್ದೆ. ಈಗ ಎಷ್ಟು ನೆನೆದರೂ, ಆ ಹೊಸ ಟೀಚರಿಗೆ ಕತೆಯ ಹಾಳೆ ಕೊಟ್ಟು, ಕೊನೆಯ ಭಾಗ ಎಲ್ಲಿದೆ ಎಂದು ಬೆರಳಿಟ್ಟು ತೋರಿಸಿದ್ದಷ್ಟೇ ಕಣ್ಣಿಗೆ ಬರುತ್ತದೆ.