ಲಾವಣ್ಯಳ ಸ್ಕ್ರೂ ಸಡಿಲ ಮಾಡಿದ್ದು ನಾನು

ಅವತ್ತು ಹಿಂದೂಪುರದ ಹಲ್ಲಿನ ಆಸ್ಪತ್ರೆಯಲ್ಲಿ ನಾವು ನಾಲ್ವರಿದ್ದೆವು, ಲಾವಣ್ಯಾ — ಕುರ್ಚಿಯಲ್ಲಿ ಬಾಯಿ ತೆರೆದುಕೊಂಡು ನೀನು, ಕಾಲ ಬಳಿ ನಿಮ್ಮಮ್ಮ, ಕನ್ನಡಿ ಹಿಡಿದ ಡಾಕ್ಟರು, ಪಕ್ಕದಲ್ಲಿ ಸಹಾಯಕಿ ನಾನು. ಸುಳ್ಳು ಹೇಳಿದವಳು ನಾನು. ಆರು ವರ್ಷವಾಯಿತು.

ಚಾಚಿದ ಮುಂದಿನ ಹಲ್ಲುಗಳನ್ನು ಹಿಂದಕ್ಕೆಳೆಯಲು ಗಟ್ಟಿ ಆಸರೆ ಬೇಕೆಂದು ಡಾಕ್ಟರು ನಿನ್ನ ದವಡೆಯ ಮೂಳೆಗೆ ಪುಟ್ಟದೊಂದು ಸ್ಕ್ರೂ ಕೂರಿಸಿದ್ದರು. ಅದನ್ನು ಕೂರಿಸುವ ಮುನ್ನ ನೀನು ತುಂಬಾ ಹೆದರಿದ್ದೆ.

"ಕಿವಿ ಚುಚ್ಚಿಸ್ಕೊಂಡಿಲ್ವೇನೇ? ಇದು ಒಸಡಿಗೊಂದು ಓಲೆ ಕಣಮ್ಮ. ಕೆಲ್ಸ ಮುಗಿದ್ಮೇಲೆ ಬಿಚ್ಚಾಕ್ಬುಡ್ತೀವಿ" ಅಂದೆ.

"ಬಂಗಾರದ್ದಾ ಅಕ್ಕಾ?" ಎಂದು ನಕ್ಕೆ ನೀನು. ಅಂದಿನಿಂದ ನನ್ನನ್ನು ನಂಬಿದೆ.

ತಾವಿಲ್ಲದಾಗ ಸ್ಕ್ರೂ ಮುಟ್ಟಬಾರದೆಂದು ಡಾಕ್ಟರು ನನಗೆ ಹೇಳಿದ್ದರು. ಮುಂದಿನ ಸಲ ನೀವು ಬಂದಾಗ ಅವರು ಆಚೆ ಕುರ್ಚಿಯಲ್ಲಿ ಯಾರದೋ ಹಲ್ಲು ಕೀಳುತ್ತಿದ್ದರು. ಕಲ್ಯಾಣದುರ್ಗದ ಬಸ್ಸು ತಪ್ಪೀತೆಂದು ನಿಮ್ಮಮ್ಮ ಅವಸರಪಡುತ್ತಿದ್ದರು. ನನಗೂ ಬರುತ್ತದೆ ಎಂಬ ಜಂಬ — ಸ್ಕ್ರೂವಿನಿಂದ ಹಲ್ಲಿನ ತಂತಿಗೆ ಎಳೆದು ಕಟ್ಟುವ ರಬ್ಬರ್ ಸರವನ್ನು ನಾನೇ ಸಿಕ್ಕಿಸಲು ಹೋದೆ. ಇಕ್ಕಳ ಜಾರಿ ಸ್ಕ್ರೂವಿನ ತಲೆಗೆ ಬಡಿಯಿತು. ಅದು ಅಲುಗಿದ್ದು ನನ್ನ ಬೆರಳಿಗೆ ಗೊತ್ತಾಯಿತು. ನಿನ್ನ ಕಣ್ಣಲ್ಲಿ ನೀರು ಬಂತು. ಏನಿಲ್ಲ ಕಣಮ್ಮ ಅಂದೆ. ಡಾಕ್ಟರಿಗೆ ಹೇಳಲಿಲ್ಲ.

ಹದಿನೈದು ದಿನಕ್ಕೆ ಸ್ಕ್ರೂ ಲೊಡಲೊಡ ಆಡುತ್ತಿತ್ತು.

"ಗಟ್ಟಿ ಏನೂ ಕಡೀಬೇಡ ಅಂದಿದ್ನಲ್ಲ, ಕಡ್ಲೆಕಾಯಿ ಏನಾದ್ರೂ ತಿಂದ್ಯಾ?" ಡಾಕ್ಟರು ಕೇಳಿದರು.

"ಒಂದ್ ಬೀಜನೂ ಬಾಯಿಗಾಕಿಲ್ಲ ಸಾರ್."

"ಮನೆ ತುಂಬಾ ಕಾಯಿ ಬಿದ್ದವೆ, ಇವ್ಳು ತಿಂದಿಲ್ವಂತೆ!" ನಿಮ್ಮಮ್ಮ ಸಿಡುಕಿದರು. "ಅಷ್ಟೂ ನಾಲ್ಗೆ ತಡೀಲಿಲ್ವೇನೇ?"

ನೀನು ನನ್ನ ಕಡೆ ತಿರುಗಿದೆ. "ಅಕ್ಕಾ, ನೀನಾದ್ರೂ ಹೇಳಕ್ಕ."

ಹೇಳಿದೆ. ಎಷ್ಟು ಮೆತ್ತಗೆ ಹೇಳಿದೆನೆಂದರೆ — "ಹೋಗ್ಲಿ ಬಿಡಮ್ಮ, ಮಕ್ಳಲ್ವಾ, ಎಲ್ಲೋ ನಾಕು ಕಾಳು ತಿಂದಿರ್ತಾಳೆ."

ನಿಮ್ಮಮ್ಮ ನಿನ್ನ ಕೆನ್ನೆಗೆ ಹೊಡೆದರು. ನೀನು ಅಳಲಿಲ್ಲ. ನನ್ನನ್ನೇ ನೋಡಿದೆ — ಹೊಡೆದವರನ್ನಲ್ಲ. ಬೈದು ಹೇಳಿದ್ದರೆ ನೀನು ಜಗಳವಾದರೂ ಆಡುತ್ತಿದ್ದೆ. ನಾನು ನಿನ್ನ ಪರ ವಹಿಸಿದಂತೆ ನಟಿಸಿ ಆ ದಾರಿಯನ್ನೂ ಮುಚ್ಚಿದೆ.

ಆಮೇಲೆ ನೀನು ಬರಲಿಲ್ಲ. "ಸತ್ರೂ ಬರಲ್ಲ ಅಂತಾಳೆ ಕಣಮ್ಮ, ಯಾಕೋ ಏನೋ" ಎಂದರು ನಿಮ್ಮಮ್ಮ ಫೋನಿನಲ್ಲಿ. ಊರಲ್ಲೇ ತಂತಿ, ಸ್ಕ್ರೂ ಎರಡನ್ನೂ ಬಿಚ್ಚಿಸಿಕೊಂಡೆಯಂತೆ. ಮುಂದಿನ ಹಲ್ಲುಗಳು ಹಿಂದೆ ಸರಿಯಲು ಜಾಗ ಬೇಕೆಂದು ಕಿತ್ತಿದ್ದ ಹಲ್ಲಿನ ಸಂದು ಹಾಗೇ ಉಳಿಯಿತು. ನೀನು ಯಾಕೆ ಬರಲಿಲ್ಲವೆಂದು ನನಗೆ ಗೊತ್ತಿತ್ತು. ಆಗಲೂ ಹೇಳಲಿಲ್ಲ.

ಹೋದ ಸೋಮವಾರ ಡಾಕ್ಟರಿಗೆ ಎಲ್ಲ ಹೇಳಿ, ಅವರೆದುರೇ ನಿಮ್ಮಮ್ಮನಿಗೆ ಫೋನ್ ಮಾಡಿ ಅದನ್ನೇ ಹೇಳಿದೆ. "ಮಗೀನ ಹೊಡೆದ್ಬುಟ್ನಲ್ಲಮ್ಮಾ" ಎಂದರು ನಿಮ್ಮಮ್ಮ. ನಿನ್ನನ್ನು ಕೂಗಿದ್ದು ಕೇಳಿಸಿತು. ನೀನು ಬಂದು ಫೋನ್ ತೆಗೆದುಕೊಂಡೆ. ನಾನು ಹೆಸರು ಹೇಳಿದೆ. ನೀನು ಕಟ್ ಮಾಡಿದೆ.